ಹದಿನಾಲ್ಕು ಅಡಿಯ ಬಾಗಿಲು

ಜನವರಿ 4

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಡ್ಡಿಯ ನಮಸ್ಕಾರಗಳು. ನಿಂತಿದ್ದರೆ ಮೊದಲು ಕೂತುಕೊಳ್ಳಿ, ಆಮೇಲೆ ಓದಿ. ನಾವು ಗೆದ್ದೆವು! ನಮ್ಮ ಹಳೆಯ ಬಂದರಿನಲ್ಲಿ ಕಟ್ಟಬೇಕೆಂದಿರುವ ಸಂದರ್ಶಕರ ಕೇಂದ್ರಕ್ಕೆ ನಲವತ್ತು ಮಂದಿ ನಕ್ಷೆ ಕಳಿಸಿದ್ದರು. ಪರಂಪರೆ ಇಲಾಖೆಯ ಸಮಿತಿ ನನ್ನದನ್ನು ಆರಿಸಿದೆ. ಹನ್ನೆರಡು ವರ್ಷ ಇನ್ನೊಬ್ಬರ ಕಟ್ಟಡಗಳಿಗೆ ಮೆಟ್ಟಿಲು, ಶೌಚಾಲಯ ಬರೆದುಕೊಂಡು ಕೂತವನಿಗೆ ಇದು ಮೊದಲ ಸ್ವಂತ ಕೆಲಸ. ಬಾಸ್ ಇಡೀ ಆಫೀಸಿನ ಮುಂದೆ ಕೈಕುಲುಕಿದರು. ನನಗೆ ಮೊದಲು ನೆನಪಾದದ್ದು ನೀವು. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಪಕ್ಕದ ಮನೆಯವರ ಬಾಯಲ್ಲಿ ಹೇಳಿಸಲು ನನಗೆ ಮನಸ್ಸಾಗಲಿಲ್ಲ.

ಯಾಕೆ ಗೆದ್ದೆ ಗೊತ್ತೆ? ಉಳಿದವರೆಲ್ಲ ಗಾಜಿನ ಪೆಟ್ಟಿಗೆ ಬರೆದಿದ್ದರು. ನಾನು ನಮ್ಮ ದೋಣಿ ಶೆಡ್ಡನ್ನು ಬರೆದೆ. ಊರು ನೋಡಲು ಬಂದವರು ಒಳಗೆ ಕಾಲಿಟ್ಟರೆ ಎದುರಿಗೇ ಮೇಸ್ತ್ರಿ ಮತ್ತು ಅವರ ಜನ ದೋಣಿ ಕಟ್ಟುತ್ತಿರಬೇಕು. ಆಟದ ದೋಣಿಯಲ್ಲ, ನೀರಿಗಿಳಿಯುವ ದೋಣಿ. ಕಟ್ಟಡಕ್ಕೆ ಮೂರು ಕಡೆ ಕಲ್ಲಿನ ಗೋಡೆ. ನಾಲ್ಕನೆಯ ಕಡೆ ಹದಿನಾಲ್ಕು ಅಡಿ ಅಗಲದ ಬಾಗಿಲು, ಅದರಾಚೆ ಇಳಿಜಾರು, ಅದರಾಚೆ ಸಮುದ್ರ. ಸಮಿತಿಯಲ್ಲಿ ಒಬ್ಬರು "ಕಟ್ಟಡ ಉಸಿರಾಡ್ತಿದೆ" ಎಂದರಂತೆ.

ಈಗ ನಿಮ್ಮಿಂದ ಉಪಕಾರವಾಗಬೇಕು. ಗಾಳಿ ಯಾವ ಹೊತ್ತಿಗೆ ಎಲ್ಲಿಂದ ಬರುತ್ತದೆ, ಉಪ್ಪು ಯಾವ ಗೋಡೆಯನ್ನು ಮೊದಲು ತಿನ್ನುತ್ತದೆ ಎಂದು ಬರೆದು ಕಳಿಸಿ. ಅದು ಸುಲಭದ್ದು. ಕಷ್ಟದ್ದು ಏನೆಂದರೆ, ಹಳೆಯ ಶೆಡ್ ಇಳಿಸದೆ ಹೊಸದು ಕಟ್ಟಲಾಗುವುದಿಲ್ಲ. ಅಲ್ಲಿ ಕೆಲಸ ಮಾಡುವ ಹನ್ನೊಂದು ಮನೆಯವರೂ ಒಪ್ಪಿಗೆಗೆ ಸಹಿ ಹಾಕಬೇಕು. ನನ್ನ ಮಾತು ಅವರಿಗೆ ಗಾಳಿಗೆ ತೂರಿದ ಹಾಗೆ. ನಿಮ್ಮ ಮಾತನ್ನು ತಳ್ಳಿಹಾಕುವವರು ಆ ದಂಡೆಯಲ್ಲಿ ಯಾರಿದ್ದಾರೆ?

ನಿಮ್ಮ,
ಕಡ್ಡಿ


ಜನವರಿ 19

ಪ್ರೀತಿಯ ಕಡ್ಡಿಗೆ ಆಶೀರ್ವಾದಗಳು.

ಕೂತು ಒಮ್ಮೆ ಓದಿದೆ, ನಿಂತು ಇನ್ನೊಮ್ಮೆ ಓದಿದೆ. ನಿನ್ನ ಅಣ್ಣ ಇದ್ದಿದ್ದರೆ ಬಂದರಿನಲ್ಲೆಲ್ಲ ಸಾರಿಕೊಂಡು ಬರುತ್ತಿದ್ದರು. ನಾನು ಪೋಸ್ಟ್‌ಮ್ಯಾನ್ ಒಬ್ಬನಿಗೆ ಮಾತ್ರ ಹೇಳಿದೆ, ಅಷ್ಟೇ ಸಾಕಾಯಿತು.

ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ. ಎರಡೂ ಕಡೆ ತಲೆಗಿಂತ ಎತ್ತರಕ್ಕೆ ಕಿಂಡಿ ಬಿಡು, ಫ್ಯಾನ್ ಬೇಡ. ಸಮುದ್ರದ ಕಡೆಗೆ ಕಬ್ಬಿಣ ತೋರಿಸಲೇಬೇಡ, ಎರಡು ವರ್ಷದಲ್ಲಿ ಬಿಸ್ಕತ್ತಿನ ಹಾಗೆ ಉದುರುತ್ತದೆ. ಅಲ್ಲಿ ಮರಕ್ಕೆ ಮರದ ಗೂಟವೇ ಆಗಬೇಕು. ಗೋಡೆಗೆ ಸಿಮೆಂಟ್ ಬಳಿದರೆ ಕಲ್ಲು ಒಳಗೊಳಗೇ ಬೆವರುತ್ತದೆ, ಚಿಪ್ಪು ಸುಟ್ಟ ಸುಣ್ಣ ಸಾಕು. ಛಾವಣಿಯ ನೀರಿಗೆ ಬಂದರಿನ ಉಗ್ರಾಣದ ಹಿಂದೆ ಹಳೆಯ ಕಲ್ಲಿನ ತೊಟ್ಟಿಯಿದೆ, ಹೂಳು ತೆಗೆದರೆ ವರ್ಷಕ್ಕಾಗುವಷ್ಟು ಹಿಡಿಯುತ್ತದೆ. ಇಷ್ಟು ಓದಿದ ನಿನಗೆ ನಾನು ಪಾಠ ಹೇಳುವ ಹಾಗಾಯಿತಲ್ಲ ಎಂದು ನಗು ಬರುತ್ತಿದೆ.

ಕಷ್ಟದ ಮಾತಿಗೆ ಬರುತ್ತೇನೆ. ಕಾಗದದ ಜೊತೆ ಬಂದ ನಿನ್ನ ನಕ್ಷೆಯ ಪ್ರತಿಯನ್ನು ಮೇಸ್ತ್ರಿಗೆ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಕಾಗದ ಗಟ್ಟಿಯಾಗಿದೆ, ಮೀನು ಕಟ್ಟೋಕೆ ಆಗುತ್ತೆ" ಎಂದರು. ಕೋಪ ಮಾಡಿಕೊಳ್ಳಬೇಡ. ಶೆಡ್ಡಿನ ರೀತಿ ನಿನಗೆ ಗೊತ್ತೇ ಇದೆ. ದೋಣಿ ಕಟ್ಟುವ ಮೊದಲು ನೆಲದ ಮೇಲೆ ಪೂರ್ತಿ ಅಳತೆಗೆ ಹಗ್ಗ ಹಾಸುತ್ತೇವೆ. ಆ ದಿನ ಯಾರು ಬೇಕಾದರೂ, ನನ್ನ ಹಾಗೆ ನೀರು ಸೋರದಂತೆ ಹಲಗೆ ಸಂದಿಗೆ ಹತ್ತಿ ಬಡಿಯುವವಳೂ ಸಹ, ಹಗ್ಗವನ್ನು ಕಾಲಿನಲ್ಲಿ ಸರಿಸಿ ತನ್ನ ಅಭಿಪ್ರಾಯ ಹೇಳಬಹುದು. ಅಡಿಮರ ಇಟ್ಟ ಮೇಲೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಇಲ್ಲಿ ಹಗ್ಗದಲ್ಲಿ ಇದ್ದದ್ದೇ ಮಾತು. ಹಾಗಾಗಿ ನಿನ್ನ ಕಟ್ಟಡದ ಅಳತೆಯನ್ನೆಲ್ಲ ಅಡಿಯ ಲೆಕ್ಕದಲ್ಲಿ, ನನಗೆ ಅರ್ಥವಾಗುವ ಹಾಗೆ ಬರೆದು ಕಳಿಸು. ಮರಳಿನ ಮೇಲೆ ಹಾಸಿ ತೋರಿಸುತ್ತೇನೆ. ನಡೆದು ನೋಡಲಿ.

ಊಟ ಸರಿಯಾಗಿ ಮಾಡು. ನೀನು ಕಳಿಸಿದ ಫೋಟೋದಲ್ಲಿ ಇನ್ನೂ ಕಡ್ಡಿಯ ಹಾಗೇ ಇದ್ದೀಯ.

ಅತ್ತಿಗೆ


ಫೆಬ್ರವರಿ 3

ಪ್ರೀತಿಯ ಅತ್ತಿಗೆಗೆ,

ಅಳತೆಗಳೆಲ್ಲ ಜೊತೆಗಿವೆ. ಮೂರು ಹಾಳೆ, ಒಂದೊಂದು ಗೋಡೆಗೆ ಒಂದೊಂದು. ಬಾಗಿಲು ಹದಿನಾಲ್ಕು. ಯಾರು ಕೇಳಿದರೂ ಹದಿನಾಲ್ಕು ಎನ್ನಿ.

ಮೊನ್ನೆ ಸಮಿತಿಯ ಜೊತೆ ಮೊದಲ ಸಭೆ ನಡೆಯಿತು, ಚೆನ್ನಾಗಿಯೇ ಆಯಿತು. ನಿಮ್ಮ ಗಾಳಿಯ ಮಾತು, ಸುಣ್ಣದ ಮಾತು ಹೇಳಿದಾಗ ಎಲ್ಲರೂ ಬರೆದುಕೊಂಡರು. ಇಲಾಖೆಯ ಮೇಡಂ ಒಪ್ಪಿಗೆ ಪತ್ರಗಳಿಗಾಗಿ ಕಾಯುತ್ತಿದ್ದಾರೆ. ಹಗ್ಗ ಹಾಸಿದ ದಿನವೇ, ಅಲ್ಲಿ ನಿಂತ ಹಾಗೇ ಸಹಿ ಹಾಕಿಸಿಬಿಡಿ. ಬಿಸಿ ಆರಬಾರದು. ನಾನೇ ಬರಬೇಕೆಂದಿದ್ದೆ, ಆಫೀಸಿನಲ್ಲಿ ರಜೆ ಸಿಗುವ ಹಾಗಿಲ್ಲ.

ನಿಮ್ಮ,
ಕಡ್ಡಿ


ಫೆಬ್ರವರಿ 21

ಪ್ರೀತಿಯ ಕಡ್ಡಿ,

ಹಗ್ಗ ಹಾಸಿ ಆಯಿತು. ನೀನಿಲ್ಲದೆ ಹೋದೆಯಲ್ಲ ಎಂದು ದಿನವಿಡೀ ಅನ್ನಿಸುತ್ತಿತ್ತು.

ಉಗ್ರಾಣದ ಮುಂದಿನ ಮರಳಿನಲ್ಲಿ ನಲವತ್ತೆರಡು ಗೂಟ ಹೊಡೆದೆವು. ಎಂಟಕ್ಕೆ ಶುರು ಮಾಡಿದ್ದು, ಹನ್ನೊಂದಕ್ಕೆ ನಿನ್ನ ಕಟ್ಟಡ ನೆಲದ ಮೇಲಿತ್ತು. ಹನ್ನೊಂದು ಮನೆಯವರೂ ಬಂದರು. ಮೊದಲು ಯಾರೂ ಹಗ್ಗ ದಾಟಲಿಲ್ಲ, ಗುರುತಿಲ್ಲದವರ ಮನೆ ಹೊಸ್ತಿಲಲ್ಲಿ ನಿಂತ ಹಾಗೆ ಸಂಕೋಚ. ಆಮೇಲೆ ಬಲೆ ಹೆಣೆಯುವವಳು ಸೀದಾ ನಿನ್ನ ಟಿಕೆಟ್ ಕೌಂಟರಿನೊಳಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು, "ಸಾಲಾಗಿ ಬನ್ನಿ, ಚಿಲ್ಲರೆ ಕೈಯಲ್ಲಿ ಹಿಡ್ಕೊಳ್ಳಿ, ನನ್ ಹತ್ರ ಇಲ್ಲ" ಎಂದಳು. ನಗು ಶುರುವಾಯಿತು, ಜನ ಒಳಗೆ ಬಂದರು. ಒಬ್ಬರು ಉಳಿ ಇಡುವ ಕಪಾಟಿಗೆ ಬಿಸಿಲು ಬೀಳುತ್ತದೆಂದು ಹಗ್ಗ ಸರಿಸಿದರು. ಇನ್ನೊಬ್ಬರು ಶೌಚಾಲಯವನ್ನು ಗಾಳಿಯ ದಾರಿಯಿಂದ ಆಚೆಗೆ ತಳ್ಳಿದರು. ಅದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ತಪ್ಪದೆ ನೋಡು.

ಮೇಸ್ತ್ರಿ ಏನನ್ನೂ ಮುಟ್ಟಲಿಲ್ಲ. ನೆಟ್ಟಗೆ ಬಾಗಿಲಿಗೆ ಹೋದರು. ನಮ್ಮ ದೊಡ್ಡ ದೋಣಿಯ ಹೊಟ್ಟೆ ಒಂಬತ್ತೂವರೆ ಅಡಿ ತಾನೆ? ಅಷ್ಟುದ್ದದ ಕೋಲನ್ನು ಇಬ್ಬರ ಕೈಯಲ್ಲಿ ಅಡ್ಡ ಹಿಡಿಸಿ "ನಡೀರಿ" ಎಂದರು. ಇಬ್ಬರೂ ಬಾಗಿಲು ದಾಟಿ ನೀರಿನವರೆಗೂ ನಡೆದರು. ಕೋಲಿನ ಎರಡೂ ಕಡೆ ಎರಡೆರಡು ಅಡಿಗಿಂತ ಹೆಚ್ಚು ಜಾಗ ಉಳಿದಿತ್ತು.

ಆಗ ಮೇಸ್ತ್ರಿ ನನ್ನ ಕಡೆ ತಿರುಗಿ, ನನಗೆ ಕೇಳಿಸಲೆಂದು ಜೋರಾಗಿ, "ಇದು ಅವನ ಮಾತೋ, ನಿನ್ನ ಮಾತೋ?" ಎಂದರು.

"ನಮ್ಮಿಬ್ರದ್ದೂ ಒಂದೇ ಮಾತು" ಎಂದೆ.

"ಹಾಗಾದ್ರೆ ನಿನ್ನದು ಅಂತಾನೇ ಇಟ್ಕೋತೀನಿ. ಅವನ ಮುಖ ನೋಡಿ ಹನ್ನೆರಡು ವರ್ಷ ಆಯ್ತು."

ಮೊದಲ ಸಹಿ ಅವರೇ ಹಾಕಿದರು. ಉಳಿದವರು ಅವರ ಹಿಂದೆ ಸಾಲಾಗಿ ಬಂದರು. ಹನ್ನೊಂದೂ ಈ ಲಕೋಟೆಯಲ್ಲಿವೆ. ಮನೆಗೆ ಬಂದು ನಿನ್ನ ಅಣ್ಣನ ಫೋಟೋ ಮುಂದೆ ದೀಪ ಹಚ್ಚಿದೆ. ಹೆಮ್ಮೆಯಾಯಿತು ಕಣೋ.

ಅತ್ತಿಗೆ


ಮಾರ್ಚ್ 15

ಅತ್ತಿಗೆಗೆ,

ಸಹಿಗಳು ತಲುಪಿದವು, ತುಂಬಾ ಉಪಕಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಕತ್ತಿನವರೆಗೆ ಬಂದಿದೆ.

ಈ ತಿಂಗಳೊಳಗೆ ಶೆಡ್ ಇಳಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಮಂಜೂರಾತಿ ಹಿಂದಕ್ಕೆ ಬೀಳುತ್ತದೆ. ನಕ್ಷೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗುತ್ತಿವೆ, ಎಲ್ಲ ತಾಂತ್ರಿಕ ವಿಷಯ. ಮೇಸ್ತ್ರಿಯ ಬಳಿ ಹಳೆಯ ಉಳಿ, ಸುತ್ತಿಗೆ, ಗರಗಸ ಇದ್ದರೆ ಒಂದು ಪಟ್ಟಿ ಮಾಡಿ ಕಳಿಸಿ. ಶೆಡ್ಡಿನಲ್ಲಿ ಅರ್ಧ ಕಟ್ಟಿದ ಚಿಕ್ಕ ದೋಣಿಯೊಂದು ಇದೆಯಂತೆ. ಅದನ್ನು ಮುಗಿಸುವುದು ಬೇಡ, ಹಾಗೇ ಇರಲಿ.

ಕಡ್ಡಿ


ಏಪ್ರಿಲ್ 2

ಪ್ರೀತಿಯ ಕಡ್ಡಿ,

ಶೆಡ್ ಇಳಿಸಿದೆವು. ನಾಲ್ಕು ದಿನ ಹಿಡಿಯಿತು. ಕಟ್ಟಿದವರ ಮಕ್ಕಳೇ ಬಿಚ್ಚಿದ್ದರಿಂದ ಒಂದು ಹಲಗೆಯೂ ಸೀಳಲಿಲ್ಲ. ಮರವನ್ನೆಲ್ಲ ಉಗ್ರಾಣದ ನೆರಳಿನಲ್ಲಿ ಜೋಡಿಸಿ, ಹೊಸ ಛಾವಣಿಗೆ ಬೇಕಾಗುವುದನ್ನು ಬೇರೆ ಇಟ್ಟಿದ್ದೇವೆ. ಕೊನೆಯ ಕಂಬ ಕಿತ್ತಾಗ ಮೇಸ್ತ್ರಿ ಬೆನ್ನು ತಿರುಗಿಸಿ ನಿಂತಿದ್ದರು.

ಈಗ ಕೆಲಸವೆಲ್ಲ ಟಾರ್ಪಾಲಿನ ಕೆಳಗೆ. ಎರಡು ದೊಡ್ಡ ದೋಣಿ ಬೇಕೆಂದು ಉತ್ತರದ ಬಂದರಿನವರು ಹೇಳಿಹೋಗಿದ್ದಾರೆ. ಟಾರ್ಪಾಲಿನಡಿ ಚಿಕ್ಕದನ್ನು ಕಟ್ಟಬಹುದು, ದೊಡ್ಡದಕ್ಕೆ ನೆಲ ಸಾಲದು, ಮರ ಬಿಸಿಲಿಗೆ ಬಿರಿಯುತ್ತದೆ. ಹೊಸ ಜಾಗಕ್ಕೆ ಹೋದ ಕೂಡಲೇ ಶುರು ಮಾಡುತ್ತೇವೆಂದು ಹೇಳಿದ್ದೇವೆ. ಅವರು ಕಾಯುತ್ತಾರಂತೆ.

ಅರ್ಧ ದೋಣಿಯನ್ನು ಮುಟ್ಟಬೇಡಿ ಎಂದು ಬರೆದೆಯಲ್ಲ, ಉದ್ಘಾಟನೆಯ ದಿನ ಎಲ್ಲರ ಎದುರು ಮುಗಿಸಲಿ ಎಂದು ನಿನ್ನ ಆಸೆ ಇರಬೇಕು. ಮೇಸ್ತ್ರಿಗೂ ಹಾಗೇ ಹೇಳಿದೆ. ಅವರು "ಅವನ ತಲೆಯಲ್ಲಿ ಏನಿದೆ ಅಂತ ನಿಂಗೆಷ್ಟು ಗೊತ್ತಮ್ಮಾ" ಎಂದರು. ಗೊತ್ತಿಲ್ಲದೆ ಏನು, ಆರು ವರ್ಷದವನಿದ್ದಾಗಿನಿಂದ ಆ ತಲೆಗೆ ಎಣ್ಣೆ ಹಚ್ಚಿದವಳು ನಾನು.

ಇನ್ನೊಂದು ಮಾತು. ಬಂದರಿನಲ್ಲಿ ದೊಡ್ಡ ಬೋರ್ಡ್ ಹಾಕಿದ್ದಾರೆ. ಅದರ ಚಿತ್ರದಲ್ಲಿ ಸಮುದ್ರದ ಕಡೆಗೆಲ್ಲ ಗಾಜು, ಒಳಗೆ ಮೇಜು ಕುರ್ಚಿ, ಕಾಫಿ ಕುಡಿಯುವ ಜನ. ನಿನ್ನ ಆಫೀಸಿನಲ್ಲಿ ಬೇರೆ ಯಾರೋ, ಈ ಜಾಗ ನೋಡದವರು ಬರೆದಿರಬೇಕು. ಒಂದು ಮಾತು ಹೇಳಿ ಸರಿ ಮಾಡಿಸು. ಜನ ನನ್ನನ್ನು ಕೇಳುತ್ತಾರೆ.

ಅತ್ತಿಗೆ


ಮೇ 9

ಕಡ್ಡಿ,

ಕಾಗದ ಹಾಕಿ ಐದು ವಾರ ಕಳೆದವು. ಹುಷಾರಾಗಿದ್ದೀಯ ತಾನೆ? ಮೈಗೆ ಸರಿಯಿಲ್ಲದಿದ್ದರೆ ಮುಚ್ಚಿಡಬೇಡ, ಬಸ್ಸು ಹತ್ತಿ ಬರುತ್ತೇನೆ.

ಒಬ್ಬರು ಬಂದು ನಮ್ಮ ಇಳಿಜಾರನ್ನು ಅಳೆದುಕೊಂಡು ಹೋದರು. ಏನೆಂದು ಕೇಳಿದರೆ "ಕೂರೋಕೆ ಮೆಟ್ಟಿಲು" ಎಂದರು. ದೋಣಿ ಜಾರಿಸುವ ಜಾಗಕ್ಕೆ ಮೆಟ್ಟಿಲು ಯಾಕೆ ಎಂದರೆ ನಕ್ಕು ಟೇಪು ಸುತ್ತಿಕೊಂಡರು. ನೀನು ನಾಲ್ಕು ಸಾಲು ಬರೆದರೆ ನನಗೆ ಜನರ ಮುಂದೆ ತಲೆಯೆತ್ತಲು ಆಗುತ್ತದೆ.

ಅತ್ತಿಗೆ


ಮೇ 22

ಪ್ರೀತಿಯ ಅತ್ತಿಗೆಗೆ,

ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ, ನೀವು ಗಾಬರಿಯಾಗಬೇಡಿ. ನಿಮ್ಮ ಎರಡೂ ಕಾಗದ ಓದಿದೆ. ನಿಮ್ಮಂಥವರು ಹಿಂದೆ ನಿಂತಿರದಿದ್ದರೆ ಈ ಕೇಂದ್ರ ಕಾಗದದ ಮೇಲೂ ಇರುತ್ತಿರಲಿಲ್ಲ. ಕೇಂದ್ರದ ಪುಸ್ತಿಕೆ ಅಚ್ಚಾಗುತ್ತಿದೆ. ಅದರಲ್ಲಿ ನಿಮ್ಮ ಗಾಳಿಯ ಮಾತನ್ನೂ ಸುಣ್ಣದ ಮಾತನ್ನೂ 'ಸ್ಥಳೀಯ ಜ್ಞಾನ' ಎಂಬ ತಲೆಬರಹದಡಿ ಹಾಕಿಸಿದ್ದೇನೆ. ಕಿಂಡಿಗಳು ನೀವು ಹೇಳಿದ ಎತ್ತರಕ್ಕೇ ಇವೆ. ಸಮುದ್ರದ ಕಡೆ ಒಂದು ಮೊಳೆಯೂ ಇಲ್ಲ.

ಬಾಸ್ ನನ್ನನ್ನು ಪಾಲುದಾರನಾಗಿ ಸೇರಿಸಿಕೊಳ್ಳುವ ಮಾತಾಡುತ್ತಿದ್ದಾರೆ. ಅಣ್ಣ ಇದ್ದಿದ್ದರೆ ಎಂದು ನನಗೂ ಅನ್ನಿಸುತ್ತದೆ.

ಅಂತಿಮ ನಕ್ಷೆಯ ಒಂದು ಪ್ರತಿ ಜೊತೆಗಿದೆ, ನಿಮ್ಮ ಮಾಹಿತಿಗೆ ಮಾತ್ರ. ಸಮುದ್ರದ ಕಡೆಯ ಬಾಗಿಲನ್ನು ಸ್ವಲ್ಪ ಹೊಂದಿಸಿದ್ದೇವೆ. ಜೂನ್ ಇಪ್ಪತ್ತೆಂಟಕ್ಕೆ ಉಗ್ರಾಣದಲ್ಲಿ ಕೊನೆಯ ಸಾರ್ವಜನಿಕ ಸಭೆ. ನಾನೂ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ತೋರಿಸದಿದ್ದರೆ ಒಳ್ಳೆಯದು, ಅರ್ಥವಾಗದೆ ಗೊಂದಲವಾಗುತ್ತದೆ.

ನಿಮ್ಮ,
ಕಡ್ಡಿ


ಜೂನ್ 6

ಕಡ್ಡಿ,

ಮೊದಲೇ ಹೇಳುತ್ತೇನೆ, ಗಾಬರಿಯಾಗಬೇಡ. ಇನ್ನೂ ಅಡಿಪಾಯ ಹಾಕಿಲ್ಲ, ಸರಿಪಡಿಸಲು ಹೊತ್ತಿದೆ.

ನಿನ್ನ ನಕ್ಷೆಯಲ್ಲಿ ಒಂದು ದೊಡ್ಡ ತಪ್ಪು ನುಸುಳಿದೆ. ಕಾಗದ ನೋಡಿ ನನಗೆ ತಲೆಬುಡ ತಿಳಿಯಲಿಲ್ಲ, ಹಾಗಾಗಿ ಮೇಸ್ತ್ರಿಯನ್ನು ಕರೆದು ಇಬ್ಬರೇ ಹಗ್ಗ ಹಾಸಿದೆವು. ತೋರಿಸಬೇಡ ಎಂದಿದ್ದೆ, ನೆನಪಿದೆ. ಆದರೆ ಈ ಮುದುಕಿ ಒಬ್ಬಳೇ ಹಗ್ಗದ ಎರಡೂ ತುದಿ ಹಿಡಿಯುವುದು ಹೇಗೆ? ಅಂಕಿ ಸರಿಯಾಗಿ ಓದಿದ್ದೇನೋ ಇಲ್ಲವೋ ಎಂದು ಮೂರು ಸಲ ಅಳೆದೆವು. ಬಾಗಿಲು ಎಂಟು ಅಡಿ ಬಂತು. ಒಂಬತ್ತೂವರೆ ಅಡಿಯ ಕೋಲು ಅಡ್ಡಡ್ಡ ನಿಂತುಬಿಟ್ಟಿತು. ಒಳಗೆ ದೋಣಿ ಕಟ್ಟಬಹುದು, ಹೊರಗೆ ಒಯ್ಯಲಾಗದು. ಸಮುದ್ರವನ್ನೇ ಒಳಗೆ ಕರೆಸಬೇಕಾದೀತು!

ಯಾರೋ ಟೈಪ್ ಮಾಡುವಾಗ ಹದಿನಾಲ್ಕನ್ನು ಎಂಟು ಮಾಡಿರಬೇಕು. ಅಥವಾ ನೀನೇ ನಿದ್ದೆಗೆಟ್ಟು ಬರೆದೆಯೋ ಏನೋ. ಚಿಕ್ಕಂದಿನಲ್ಲೂ ಕೂಡುವ ಲೆಕ್ಕ ಸರಿ ಮಾಡಿ ಉತ್ತರ ಬರೆಯುವಾಗ ತಪ್ಪುತ್ತಿದ್ದೆ. ಬಾಸ್‌ಗೆ ಗೊತ್ತಾಗುವ ಮೊದಲೇ ತಿದ್ದಿಬಿಡು, ನಿನ್ನ ಪಾಲುದಾರಿಕೆಗೆ ಕಲ್ಲು ಬೀಳಬಾರದು. ಮೇಸ್ತ್ರಿ ಕೋಲು ಎತ್ತಿಕೊಂಡು ಹೋದರು. ಅವರಿಗೂ ನಾನು ಹೇಳಿದ್ದು ಇಷ್ಟೇ: "ಕೈತಪ್ಪು. ಅವನು ಸರಿ ಮಾಡ್ತಾನೆ."

ಬೇಗ ಬರೆ.

ಅತ್ತಿಗೆ


ಜೂನ್ 14

ಅತ್ತಿಗೆಗೆ,

ನಿಮ್ಮ ಕಾಗದ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ. ನೀವು ಬೈದು ಬರೆದಿದ್ದರೆ ಏನೋ ಒಂದು ಉತ್ತರ ಹೊಂದಿಸುತ್ತಿದ್ದೆ. ತಪ್ಪು ತಿದ್ದಿಕೋ ಎಂದು ಬರೆದಿರಿ. ಇನ್ನು ಸುಳ್ಳು ಹೇಳುವುದಿಲ್ಲ.

ಅದು ಕೈತಪ್ಪಲ್ಲ. ಫೆಬ್ರವರಿ ಒಂದನೇ ತಾರೀಖಿನ ಸಭೆಯಲ್ಲೇ ಸಮಿತಿ ಹೇಳಿತ್ತು, ನಿಜವಾದ ಕಾರ್ಖಾನೆ ಬೇಡ ಎಂದು. ಸುತ್ತಿಗೆಯ ಸದ್ದು, ಎಣ್ಣೆಯ ವಾಸನೆ, ಬಂದವರ ಕಾಲಿಗೆ ಉಳಿ ತಾಗಿದರೆ ಯಾರು ಹೊಣೆ ಎಂದರು. ಅರ್ಧ ಕಟ್ಟಿದ ದೋಣಿಯೊಂದನ್ನು ನಡುವೆ ಇಟ್ಟು, ವಾರಕ್ಕೆರಡು ದಿನ ಯಾರಾದರೂ ಬಂದು ಕೆತ್ತಿ ತೋರಿಸಲಿ, ಉಳಿದ ಜಾಗದಲ್ಲಿ ಕಾಫಿ ಅಂಗಡಿ ಇರಲಿ ಎಂದರು. ಒಪ್ಪದಿದ್ದರೆ ಎರಡನೆಯ ಸ್ಥಾನದವರಿಗೆ ಕೆಲಸ ಹೋಗುತ್ತಿತ್ತು. ನಾನು ಒಪ್ಪಿದೆ. ಅದಾಗಿ ಎರಡು ದಿನಕ್ಕೆ ನಿಮಗೆ ಅಳತೆ ಕಳಿಸಿದೆ. ಹದಿನಾಲ್ಕು ಎಂದು ಬರೆಯುವಾಗ ಅದು ಹದಿನಾಲ್ಕು ಅಲ್ಲ ಎಂದು ನನಗೆ ಗೊತ್ತಿತ್ತು. ಎಂಟು ಎಂದು ಬರೆದರೆ ಮೇಸ್ತ್ರಿ ಸಹಿ ಹಾಕುತ್ತಿರಲಿಲ್ಲ. ಸಹಿ ಆಗಿಬಿಡಲಿ, ಆಮೇಲೆ ನಿಧಾನವಾಗಿ ಸಮಿತಿಯನ್ನು ಒಪ್ಪಿಸೋಣ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಒಪ್ಪಿಸಲು ಆಗಲಿಲ್ಲ. ಆಮೇಲೆ ಕೇಳುವುದನ್ನೂ ಬಿಟ್ಟೆ.

ಆದರೂ ಯೋಚಿಸಿ. ಈ ಕೇಂದ್ರವಾಗದಿದ್ದರೆ ಆ ಜಾಗದಲ್ಲಿ ಹೋಟೆಲ್ ಏಳುತ್ತಿತ್ತು. ಕಲ್ಲು, ಸುಣ್ಣ, ಗಾಳಿ ಎಲ್ಲ ಉಳಿದಿದೆ. ಕೆತ್ತಿ ತೋರಿಸುವ ಕೆಲಸಕ್ಕೆ ನಾಲ್ಕು ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಇಪ್ಪತ್ತೆಂಟರ ಸಭೆಯಲ್ಲಿ ಬಾಗಿಲಿನ ಮಾತು ಬಾರದ ಹಾಗೆ ನೋಡಿಕೊಳ್ಳಿ, ಮೇಸ್ತ್ರಿಗೆ ನೀವೇ ಏನಾದರೂ ಹೇಳಿ. ಇದೊಂದು ದಾಟಿದರೆ ನನ್ನ ಜೀವನ ದಡ ಸೇರುತ್ತದೆ. ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರಿದ್ದಾರೆ?

ಈ ಕಾಗದ ಓದಿ ಹರಿದುಹಾಕಿ.

ನಿಮ್ಮ,
ಕಡ್ಡಿ


ಜೂನ್ 30

ಅತ್ತಿಗೆಯವರಿಗೆ,

ನಿನ್ನೆ ವಾಪಸು ಬಂದೆ. ಸಭೆ ಮುಗಿದ ಮೇಲೆ ನಿಮ್ಮ ಮುಖ ನೋಡಲಾಗದೆ ಹಿಂದಿನ ಬಾಗಿಲಿನಿಂದ ಹೋದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕೈಯೆತ್ತಿದಾಗ ನನ್ನ ಪರವಾಗಿ ಮಾತಾಡುತ್ತೀರಿ ಎಂದುಕೊಂಡೆ. ನಾನೇ ಕುರ್ಚಿ ಸರಿಸಿ ದಾರಿ ಮಾಡಿದೆ. ನಾನೇ ಮೈಕ್ ಕೈಗೆ ಕೊಟ್ಟೆ. ನಿಮ್ಮ ಭುಜ ಮುಟ್ಟಿ "ನಿಧಾನವಾಗಿ ಮಾತಾಡಿ" ಎಂದೆ. ನೀವು ತಲೆಯಾಡಿಸಿ ಚೀಲದಿಂದ ನನ್ನ ಕಾಗದ ತೆಗೆದಿರಿ.

ಮೊದಲಿನಿಂದ ಕೊನೆಯವರೆಗೆ ಓದಿದಿರಿ. ಒಂದು ಸಾಲನ್ನೂ ಬಿಡಲಿಲ್ಲ. ನಿಮ್ಮ ದನಿ ನಿಮಗೆ ಕೇಳಿಸುವುದಿಲ್ಲ, ಅದು ಎಷ್ಟು ದೊಡ್ಡದೆಂದು ನಿಮಗೆ ತಿಳಿಯದು. ಸಾಮಾನು ಪಟ್ಟಿ ಓದುವ ಹಾಗೆ ಓದುತ್ತ ಹೋದಿರಿ. 'ಹರಿದುಹಾಕಿ' ಎಂಬುದನ್ನೂ ಓದಿದಿರಿ. ಬಾಸ್ ತಲೆ ತಗ್ಗಿಸಿ ಫೋನ್ ನೋಡುತ್ತ ಕೂತರು. ಇಲಾಖೆಯ ಮೇಡಂ "ಇದನ್ನ ಬರೆದವರು ಯಾರು?" ಎಂದು ಕೇಳಿದಾಗ ಇಡೀ ಸಭೆ ನನ್ನ ಕಡೆ ತಿರುಗಿತು.

ಈಗ ಕೇಳಿ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ, ಈ ಕೇಂದ್ರದ ಕೆಲಸದಿಂದಷ್ಟೇ ಅಲ್ಲ, ಆಫೀಸಿನಿಂದಲೇ. ಮಂಜೂರಾತಿ ತಡೆಹಿಡಿದು, ಹದಿನಾಲ್ಕು ಅಡಿಯ ಬಾಗಿಲಿಟ್ಟು ಹೊಸದಾಗಿ ನಕ್ಷೆ ಮಾಡಿಸಲು ಬೇರೆಯವರಿಗೆ ಹೇಳುತ್ತಾರಂತೆ. ಅಂದರೆ ನನ್ನ ಕಟ್ಟಡವನ್ನೇ ಕಟ್ಟುತ್ತಾರೆ, ನನ್ನ ಹೆಸರು ಮಾತ್ರ ಇರುವುದಿಲ್ಲ. ನಾನು ತಪ್ಪು ಮಾಡಿದೆ, ಒಪ್ಪಿಕೊಂಡು ಬರೆದೆ. ಒಪ್ಪಿಕೊಂಡದ್ದು ನಿಮಗೆ, ಊರಿಗಲ್ಲ. ಮನೆಯ ಮಾತನ್ನು ಮೈಕಿನಲ್ಲಿ ಓದಿದಿರಲ್ಲ, ಇದಕ್ಕೆ ಮೋಸವೆನ್ನದೆ ಏನೆನ್ನಲಿ? ಹತ್ತು ದಿನ ನಿಮ್ಮ ಕೈಯಲ್ಲಿತ್ತು. ಹೀಗೆ ಮಾಡುತ್ತೇನೆ ಎಂದು ಒಂದು ಸಾಲು ಬರೆದು ಎಚ್ಚರಿಸಬಾರದಿತ್ತೆ? ನಾನೇ ಹೋಗಿ ಸಮಿತಿಯ ಮುಂದೆ ಹೇಳುತ್ತಿದ್ದೆನೋ ಏನೋ.

ಹೆತ್ತ ತಾಯಿ ಹೀಗೆ ಮಾಡುತ್ತಿರಲಿಲ್ಲ.

ನಿಮ್ಮ ಮೈದುನ


ಜುಲೈ 12

ಕಡ್ಡಿ,

ಹೆತ್ತ ತಾಯಿ ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನು ಮಾಡಿದ್ದು ಮೋಸವೇ. ನಿನಗೆ ಬೇರೆ ಹೆಸರು ಹುಡುಕುವ ಕಷ್ಟ ಬೇಡ.

ಯಾಕೆ ಎಚ್ಚರಿಸಲಿಲ್ಲ ಎಂದು ಕೇಳಿದೆ. ಎಚ್ಚರಿಸಿದ್ದರೆ ನೀನು ಮರುದಿನವೇ ಬಸ್ಸು ಹತ್ತಿ ಬರುತ್ತಿದ್ದೆ. ಹನ್ನೆರಡು ವರ್ಷ ಬಾರದವನು ಆ ದಿನ ಬರುತ್ತಿದ್ದೆ. ಅಡುಗೆಮನೆಯಲ್ಲಿ ಕೂತು, ನನಗೆ ಕೇಳಿಸುವ ಹಾಗೆ ಕಿವಿಯ ಹತ್ತಿರ ಬಾಯಿಟ್ಟು ಮಾತಾಡುತ್ತಿದ್ದೆ. ನಾನು ಒಪ್ಪಿಬಿಡುತ್ತಿದ್ದೆ. ಮೇಸ್ತ್ರಿಗೆ ಇನ್ನೊಂದು ಸುಳ್ಳನ್ನೂ ಹೇಳುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟೂ ನಂಬಿಕೆ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಿನ್ನ ಕಾಗದ ಬಂದ ದಿನ ಒಲೆ ಹಚ್ಚಲಿಲ್ಲ. ಬಾಗಿಲು ಕಿರಿದಾಯಿತೆಂದಲ್ಲ. ಸಮಿತಿಯವರು ದೊಡ್ಡವರು, ನೀನು ಸೋತೆ, ಅದನ್ನು ಹೇಳಿದ್ದರೆ ನಾವೂ ಜೊತೆಗೆ ಸೋಲುತ್ತಿದ್ದೆವು. ಶೆಡ್ ನಮ್ಮ ತಲೆಯ ಮೇಲಾದರೂ ಇರುತ್ತಿತ್ತು. ನೀನು ಹಗ್ಗ ಹಾಸುವ ರೀತಿ ಬಲ್ಲವನು. ಹಗ್ಗದಲ್ಲಿ ಇದ್ದದ್ದನ್ನು ಈ ಜನ ನಂಬುತ್ತಾರೆಂದೂ ನೀನು ಬಲ್ಲೆ. ಆ ನಂಬಿಕೆಯನ್ನೇ ಅಳತೆ ಹಾಕಿ ಕೆಲಸಕ್ಕೆ ಬಳಸಿಕೊಂಡೆಯಲ್ಲ, ಅದು ನನ್ನಿಂದ ಸಹಿಸಲಾಗಲಿಲ್ಲ. ಹೊರಗಿನವನೊಬ್ಬನಿಗೆ ಇದನ್ನು ಮಾಡಲಾಗುತ್ತಿರಲಿಲ್ಲ. ಅವನಿಗೆ ಹಗ್ಗದ ರೀತಿ ಗೊತ್ತೇ ಇರುತ್ತಿರಲಿಲ್ಲ.

ಮೇಡಂ "ಬರೆದವರು ಯಾರು" ಎಂದಾಗ ನಾನು ನಿನ್ನ ಕಡೆ ಬೆರಳು ತೋರಿಸಲಿಲ್ಲ. ಜನ ತಿರುಗಿದ್ದು ತಾವಾಗಿಯೇ. ನಾನು ಹೇಳಿದ್ದು "ನಾನು ಬೆಳೆಸಿದವನು" ಎಂದಷ್ಟೇ. ಅದು ನಿನಗೆ ಕೇಳಿಸಿತೋ ಇಲ್ಲವೋ, ನೀನು ಬರೆದಿಲ್ಲ.

ಇಲ್ಲಿನ ಸುದ್ದಿ ಇಷ್ಟು. ಹೊಸ ನಕ್ಷೆ ಆಗಿ, ಮಂಜೂರಾಗಿ, ಗೋಡೆ ಏಳಲು ಇನ್ನು ಎರಡು ವರ್ಷ ಬೇಕಂತೆ. ಉತ್ತರದ ಬಂದರಿನವರು ಅಷ್ಟು ಕಾಯುವುದಿಲ್ಲ ಎಂದು ದೋಣಿಗಳನ್ನು ಬೇರೆ ಕಡೆ ಕಟ್ಟಿಸುತ್ತಿದ್ದಾರೆ. ಮೂರು ಮನೆಯವರು ಅಲ್ಲಿಗೇ ಕೂಲಿಗೆ ಹೋದರು, ಬಲೆ ಹೆಣೆಯುವವಳ ಗಂಡನೂ ಹೋದ. ಉಳಿದವರು ಟಾರ್ಪಾಲಿನಡಿ ಹಳೆಯ ದೋಣಿಗಳಿಗೆ ತೇಪೆ ಹಾಕುತ್ತಿದ್ದಾರೆ.

ಸಭೆಯಾದ ಮೂರನೆಯ ದಿನ ನಾನೂ ಎಂದಿನ ಹಾಗೆ ಕೆಲಸಕ್ಕೆ ಹೋದೆ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಇಬ್ಬರು ಕೈ ಹಿಡಿದುಕೊಂಡು ಅತ್ತಿದ್ದರು. ಹಾಗಾಗಿ ಎಲ್ಲ ಸರಿಹೋಯಿತೆಂದುಕೊಂಡೇ ಹೋದೆ. ನಾನು ಕೂರುವ ಜಾಗದಲ್ಲಿ ಬೇರೊಬ್ಬಳು ಕೂತು ಹತ್ತಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು, ಏಳಲಿಲ್ಲ.

ಮೇಸ್ತ್ರಿ ಎದ್ದು ಬಂದರು. ನನ್ನನ್ನು ಟಾರ್ಪಾಲಿನಿಂದ ಸ್ವಲ್ಪ ಆಚೆಗೆ ಕರೆದುಕೊಂಡು ಹೋದರು. ಬೈಯಲಿಲ್ಲ. ಮೂವತ್ತು ವರ್ಷದಲ್ಲಿ ಅವರು ನನ್ನ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ, ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಾಯಿತು.

"ಅವತ್ತು ನಿಜ ಹೇಳ್ದೆ. ದೊಡ್ಡ ಮನಸ್ಸು. ನಾವ್ಯಾರೂ ಅದನ್ನ ಮರೆಯಲ್ಲ" ಎಂದರು. ಆಮೇಲೆ, "ಆದ್ರೆ ತಾಯಿ, ನಾನು ಸಹಿ ಹಾಕಿದ್ದು ಅವನನ್ನ ನಂಬಿ ಅಲ್ಲ" ಎಂದರು.

ನೀನು ಓದಿದವನು, ಮಾತು ಬಲ್ಲವನು. ಅದಕ್ಕೆ ನಾನು ಏನು ಹೇಳಬೇಕಿತ್ತು? ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಇನ್ನು ಕಾಗದ ಹಾಕಬೇಡ.

ಅತ್ತಿಗೆ